ಕಬಿನಿಯ ಸೀಳುನಾಯಿ ಬೇಟೆ: ಫೋಟೋ ಶಾರ್ಪ್ ಬರ್ತಿಲ್ಲ, ಲೆನ್ಸ್ ದೋಷವೇ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ಕಬಿನಿಯ ದಮ್ಮನಕಟ್ಟೆ ಸಫಾರಿಯಲ್ಲಿ ಸೀಳುನಾಯಿಗಳ ಗುಂಪೊಂದು ಹಿನ್ನೀರಿನ ಅಂಚಿನಲ್ಲಿ ಜಿಂಕೆ ಹೊಡೆದು ತಿನ್ನುತ್ತಿತ್ತು. ಜೀಪಿನಿಂದ ಸುಮಾರು 30 ಮೀಟರ್. ಬಿಸಿಲೇರಿದ ಮೇಲೆ ಎರಡು ನಾಯಿಗಳು ಒಂದು ಕಾಲನ್ನು ಎಳೆದಾಡುತ್ತಾ ದೂರದ ಬಯಲಿಗೆ ಹೋದವು. ಚಿಕ್ಕ ಸೆನ್ಸರ್ ಇರುವ (ಕ್ರಾಪ್ ಸೆನ್ಸರ್) ಮಿರರ್‌ಲೆಸ್, 150–600 ಎಂಎಂ ಜೂಮ್ ಲೆನ್ಸ್. ಎಲ್ಲಾ ಫೋಟೋ 600 ಎಂಎಂನಲ್ಲಿ, ಅಪರ್ಚರ್ (ಲೆನ್ಸ್ ತೆರೆಯುವ ಅಳತೆ) ಎಫ್ 6.3, ಶಟರ್ ಸ್ಪೀಡ್ 1/500 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರ್ ಸೂಕ್ಷ್ಮತೆ) ಆಟೋ. ಪ್ರಾಣಿಯ ಕಣ್ಣು ಹಿಡಿಯುವ ಫೋಕಸ್ ಆನ್ ಇತ್ತು.

ಕೆಲವದರಲ್ಲಿ ಜಿಂಕೆ ಶಾರ್ಪ್, ನಾಯಿ ಮಸುಕು. ಕೆಲವದರಲ್ಲಿ ನಾಯಿಯ ತಲೆ ಮಾತ್ರ ಕಲಸಿಹೋಗಿದೆ. ದೂರದ ಫೋಟೋಗಳಲ್ಲಂತೂ ಎಲ್ಲವೂ ಅಲೆಅಲೆಯಾಗಿವೆ. ಲೆನ್ಸ್ ಸರ್ವಿಸ್‌ಗೆ ಕೊಡಲಾ, ಮಾರಿ ಪ್ರೈಮ್ (ಜೂಮ್ ಆಗದ ಲೆನ್ಸ್) ತಗೊಳ್ಳಲಾ?

ಬಿದಿರುಮೆಳೆ:
1/3200 ಇಟ್ಟುಬಿಡಿ ಸರ್, ಎಲ್ಲಾ ಸರಿಹೋಗುತ್ತೆ.

ಮರಕುಟಿಗ:
ಲೆನ್ಸ್ ಮಾರಬೇಡಿ ಸರ್. ನೀವು ಹೇಳಿದ್ದು ಒಂದು ತೊಂದರೆಯಲ್ಲ, ಮೂರು. ಶಟರ್ ಸ್ಪೀಡ್ ಏರಿಸಿದರೆ ಅದರಲ್ಲಿ ಒಂದು ಮಾತ್ರ ಹೋಗುತ್ತದೆ.

ತಲೆ ಕಲಸಿಹೋಗಿರುವುದು 1/500ರಿಂದಲೇ. ಸೀಳುನಾಯಿ ಹುಲಿಯ ಹಾಗೆ ಕುತ್ತಿಗೆ ಹಿಡಿದು ಕಾಯುವುದಿಲ್ಲ. ಬೇಟೆಯ ಜೀವ ಹೋಗುವ ಮುಂಚೆಯೇ ಎಲ್ಲಾ ನಾಯಿಗಳು ಸೇರಿ ಎಳೆದು ತಿನ್ನಲು ಶುರು ಮಾಡುತ್ತವೆ. ಆ ಎಳೆದಾಟದಲ್ಲಿ ಮೈ ನಿಂತಿದ್ದರೂ ತಲೆ ಜೋರಾಗಿ ಅಲುಗುತ್ತಿರುತ್ತದೆ. 1/1600ಕ್ಕಿಂತ ಕೆಳಗೆ ಹೋಗಬೇಡಿ. ಐಎಸ್‌ಒ 6400 ಆದರೂ ಆಗಲಿ, ಗ್ರೈನನ್ನು (ಫೋಟೋದಲ್ಲಿ ಕಾಣುವ ಕಾಳು ಕಾಳು ಚುಕ್ಕೆ) ಸಾಫ್ಟ್‌ವೇರ್ ಕಡಿಮೆ ಮಾಡುತ್ತದೆ. ಅಲುಗಿದ ತಲೆಯನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ವಾಪಸ್ ತರಲ್ಲ.

ಇನ್ನು ಜಿಂಕೆ ಶಾರ್ಪ್, ನಾಯಿ ಮಸುಕು. ಸತ್ತ ಜಿಂಕೆಯ ಕಣ್ಣೂ ಕ್ಯಾಮೆರಾಗೆ ಕಣ್ಣೇ. ಜಿಂಕೆಯಿಂದ ಒಂದು ನಾಯಿಗೆ, ಅಲ್ಲಿಂದ ಇನ್ನೊಂದಕ್ಕೆ ಫೋಕಸ್ ಜಿಗಿಯುತ್ತಿರುತ್ತದೆ. ಗುಂಪು ತಿನ್ನುವಾಗ ಆ ಸೌಲಭ್ಯ ಆಫ್ ಮಾಡಿ. ಸಣ್ಣ ಪಾಯಿಂಟ್ ಒಂದನ್ನು ನಿಮಗೆ ಬೇಕಾದ ನಾಯಿಯ ಮುಖದ ಮೇಲೆ ನೀವೇ ಇಡಿ.

ಆದರೆ ಅಸಲು ವಿಷಯ 600 ಎಂಎಂ. ನಿಮ್ಮ ಸೆನ್ಸರ್‌ಗೆ 30 ಮೀಟರ್ ದೂರದಲ್ಲಿ ಆ ಲೆನ್ಸ್ ತೋರಿಸುವ ಅಗಲ 1.2 ಮೀಟರ್ ಕೂಡ ಇಲ್ಲ. ಒಂದು ನಾಯಿಗೇ ಸಾಲದು! ಎಫ್ 6.3ರಲ್ಲಿ ಶಾರ್ಪ್ ಆಗಿರುವ ಆಳ ಸುಮಾರು ಎರಡಡಿ ಅಷ್ಟೇ. ಜಿಂಕೆಯ ಆಚೆ ಬದಿ ನಿಂತ ನಾಯಿ ಮಸುಕಾಗಲೇಬೇಕು. 400ಕ್ಕೆ ಇಳಿಸಿದರೆ ಆ ಆಳ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. 600ರಲ್ಲೇ ಇದ್ದು ಲೆನ್ಸ್ ತೆರೆಯುವಿಕೆ ಕಿರಿದಾಗಿಸಿ ಎಫ್ 8 ಮಾಡಿದರೂ ಅಷ್ಟು ಸಿಗಲ್ಲ. ಬೇಟೆ, ಬೇಟೆಗಾರ ಎರಡೂ ಕಾಣಬೇಕು ಅಂದ್ರೆ ಜೂಮ್ ಇಳಿಸಲೇಬೇಕು. ಇದಕ್ಕೆ 600ರ ಪ್ರೈಮ್ ತಗೊಂಡರೆ ಇಳಿಸೋ ದಾರಿಯೇ ಮುಚ್ಚಿಹೋಗುತ್ತದೆ. ಗುಂಪಿನ ಹಿಂದೆ ನೀರು ಹೊಳೆಯುತ್ತಿದ್ದರೆ ಎಕ್ಸ್‌ಪೋಷರ್ (ಫೋಟೋದ ಬೆಳಕಿನ ಮಟ್ಟ) ಮುಕ್ಕಾಲು ಸ್ಟಾಪ್ ಏರಿಸಿ, ಇಲ್ಲದಿದ್ದರೆ ನಾಯಿಗಳ ಕೆಂಪು ಮೈ ಕಪ್ಪಾಗುತ್ತದೆ.

ದೂರದ ಫೋಟೋಗಳು ಹಾಳಾಗಿದ್ದು ಝಳದಿಂದ. ಬಿಸಿಲೇರಿದಂತೆ ನೆಲದ ಮೇಲಿನ ಗಾಳಿ ಕಾದು ಅಲುಗುತ್ತದೆ. ಬೆಳಕು ಅದರೊಳಗೆ ಬಾಗಿ ಬರುತ್ತದೆ. 1/3200 ಇಟ್ಟರೂ ಅದು ಹೋಗಲ್ಲ, ಯಾಕಂದ್ರೆ ಕೆಟ್ಟಿರುವುದು ನಿಮಗೂ ನಾಯಿಗೂ ನಡುವಿನ ಗಾಳಿ. ಸಾಲಾಗಿ ತೆಗೆದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೊಂದರಲ್ಲಿ ಒಂದೊಂದು ಥರ ಮಸುಕಿದ್ದರೆ ಝಳ. ಮುಂದಿನ ಹುಲ್ಲು ಶಾರ್ಪ್ ಇದ್ದರೆ ಫೋಕಸ್ ತಪ್ಪಿದೆ. ಇಡೀ ಫ್ರೇಮ್ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಥವಾ ಜೀಪು ಅಲುಗಿದೆ.

ಲೆನ್ಸ್ ಮೇಲೆ ಇನ್ನೂ ಅನುಮಾನ ಇದ್ದರೆ ಟ್ರೈಪಾಡ್ ಮೇಲಿಟ್ಟು ಸಂಜೆ ತಂಪಲ್ಲಿ 20 ಮೀಟರ್ ದೂರದ ಇಟ್ಟಿಗೆ ಗೋಡೆಯ ಫೋಟೋ ತೆಗೆಯಿರಿ. ಸ್ಟೆಬಿಲೈಸೇಷನ್ (ಅಲುಗಾಟ ತಡೆಯುವ ಸೌಲಭ್ಯ) ಆಫ್, ಸೆಲ್ಫ್ ಟೈಮರ್ ಆನ್.

ಕಾಡುಮಲ್ಲಿಗೆ:
ಮರಕುಟಿಗ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಜೀಪಿನ ಬಾನೆಟ್ ಮೇಲಿಂದ ತೆಗೆದರೆ ಎಂಜಿನ್ ಬಿಸಿಯೇ ಝಳ ಮಾಡುತ್ತದೆ, ಚಳಿಗಾಲದ ಮುಂಜಾನೆಯೂ ಅಷ್ಟೇ. ಪಕ್ಕದಿಂದ ತೆಗೆಯಿರಿ. ಲೆನ್ಸ್ ಊರಲು ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಒಳ್ಳೇದೇ, ಆದರೆ ಎಂಜಿನ್ ಓಡುತ್ತಿರುವಾಗ ಅದನ್ನು ಕಂಬಿ ಮೇಲಿಟ್ಟರೆ ನಡುಕ ನೇರ ಲೆನ್ಸ್‌ಗೆ ಬರುತ್ತದೆ. ಆಗ ಕೈಯಲ್ಲೇ ಹಿಡಿಯಿರಿ.

ಇನ್ನೊಂದನ್ನು ಕಳಕಳಿಯಿಂದಲೇ ಹೇಳ್ತಿದ್ದೀನಿ. ಝಳ ತಪ್ಪಿಸೋಕೆ ಹತ್ತಿರ ಹೋಗಿ ಅಂತ ಡ್ರೈವರ್‌ಗೆ ಒತ್ತಾಯ ಮಾಡಬೇಡಿ. ಜೀಪುಗಳು ಸುತ್ತುಗಟ್ಟಿದರೆ ನಾಯಿಗಳು ಊಟ ಬಿಟ್ಟು ಸರಿಯಬಹುದು. ಅವು ತಿಂದದ್ದನ್ನು ಗೂಡಿಗೆ ಹೋಗಿ ಮರಿಗಳಿಗೆ ಕಕ್ಕಿ ಉಣಿಸುತ್ತವೆ. ಇಲ್ಲಿ ಊಟ ತಪ್ಪಿದರೆ ಅಲ್ಲಿ ಮರಿಗಳು ಉಪವಾಸ, ಅಲ್ವಾ? ಗೂಡಿನ ಜಾಗ ಗೊತ್ತಾದರೂ ಎಲ್ಲೂ ಹಾಕಬೇಡಿ.

ಹೊಳೆದಂಡೆ:
ತುಂಬಾ ಥ್ಯಾಂಕ್ಸ್. ಗೋಡೆ ಪರೀಕ್ಷೆ ಮಾಡಿದೆ, ಇಟ್ಟಿಗೆಯ ಗೆರೆ ಗೆರೆಯೂ ಶಾರ್ಪ್. ದೂರದ ಫೋಟೋಗಳಲ್ಲಿ ನೀವು ಹೇಳಿದ ಹಾಗೆ ಒಂದೊಂದರಲ್ಲಿ ಒಂದೊಂದು ಥರ ಮಸುಕಿದೆ. ಹಾಗಾದ್ರೆ ಬಿಸಿಲೇರಿದ ಮೇಲೆ ದೂರದಲ್ಲಿ ಬೇಟೆ ಸಿಕ್ಕರೆ ಕ್ಯಾಮೆರಾ ಇಳಿಸಬೇಕಾ?

ಮರಕುಟಿಗ:
ಇಳಿಸಬೇಡಿ. 150–200 ಎಂಎಂಗೆ ಬಂದು ನೀರು, ಬಯಲು, ಹಿಂದಿನ ಕಾಡು ಎಲ್ಲಾ ಸೇರಿಸಿ ತೆಗೆಯಿರಿ. ನಾಯಿಗಳು ಸಣ್ಣದಾಗಿ ಇದ್ದಾಗ ಝಳ ಅಷ್ಟು ಕಾಣಲ್ಲ. ನಾಯಿ ದೊಡ್ಡದಾಗಿ ಕಾಣುವ ಫೋಟೋನೇ ಬೇಕು ಅಂದ್ರೆ ಮೋಡ ಬಿಸಿಲನ್ನು ಮುಚ್ಚುವ ತನಕ ಕಾಯಿರಿ. ನೆಲ ತಣಿಯುತ್ತಾ ಬಂದಂತೆ ಸಾಲಾಗಿ ತೆಗೆಯುತ್ತಾ ಹೋಗಿ, ನಡುವೆ ಒಂದೆರಡು ಫ್ರೇಮ್ ತಿಳಿಯಾಗಿ ಸಿಗುತ್ತವೆ.