ಅಪ್‌ಡೇಟ್: ಸಣ್ಣ ಸ್ಪೆಕ್ಟ್ರೋಮೀಟರ್‌ಗೆ ಹೋಲೋಗ್ರಾಫಿಕ್ ಗ್ರೇಟಿಂಗ್

350ರಿಂದ 850 ನ್ಯಾನೋಮೀಟರ್ ತರಂಗದೂರ ವ್ಯಾಪ್ತಿಯ ಸ್ಪೆಕ್ಟ್ರೋಮೀಟರನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸಾಧನ) ಅಂಗೈಯಗಲದಲ್ಲಿ ಅಡಕಗೊಳಿಸಲು ಸಮತಲ ಗ್ರೇಟಿಂಗ್ (ಒತ್ತೊತ್ತಾದ ಸೂಕ್ಷ್ಮ ಗೆರೆಗಳಿಂದ ಬೆಳಕನ್ನು ಬಿಡಿಸುವ ಫಲಕ) ಸೂಕ್ತವೇ, ನಿಮ್ನ, ಅಂದರೆ ಒಳಬಾಗಿದ, ಹೋಲೋಗ್ರಾಫಿಕ್ ಗ್ರೇಟಿಂಗ್ ಸೂಕ್ತವೇ ಎಂದು ಕೇಳಿದ್ದೆ. ನಿಮ್ಮಲ್ಲಿ ಹಲವರ ಸಲಹೆಯಂತೆ ಎರಡನೆಯದನ್ನೇ ಆರಿಸಿದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಮತ್ತು ಡಿಟೆಕ್ಟರ್ ಮೇಲೆ ಕೇಂದ್ರೀಕರಿಸುವ ಎರಡೂ ಕೆಲಸಗಳನ್ನು ಒಂದೇ ಮೇಲ್ಮೈ ನಿರ್ವಹಿಸುವುದರಿಂದ ಕನ್ನಡಿಗಳೂ ಅವುಗಳನ್ನು ಹೊಂದಿಸುವ ತಲೆನೋವೂ ತಪ್ಪಿದವು. ಹೋಲೋಗ್ರಾಫಿಕ್ ಗ್ರೇಟಿಂಗ್‌ನ ಗೆರೆಗಳು ಲೇಸರ್ ಕಿರಣಗಳ ವ್ಯತಿಕರಣದಿಂದ (ಕಿರಣಗಳು ಒಂದರೊಡನೊಂದು ಬೆರೆತು ಮೂಡಿಸುವ ಬೆಳಕು-ಕತ್ತಲೆಯ ಪಟ್ಟಿಗಳಿಂದ) ಮೂಡಿದವಾದ್ದರಿಂದ, ಯಂತ್ರದಿಂದ ಕೊರೆದ ಗ್ರೇಟಿಂಗ್‌ಗಳಲ್ಲಿ ಗೆರೆಗಳ ಅಂತರದ ಆವರ್ತಕ ದೋಷದಿಂದ ಕಾಣಿಸಿಕೊಳ್ಳುವ ಹುಸಿ ರೇಖೆಗಳು ಇಲ್ಲಿಲ್ಲ. ನನ್ನ ಮಟ್ಟಿಗೆ ಗಾತ್ರಕ್ಕಿಂತ ಇದೇ ದೊಡ್ಡ ಲಾಭ.

ಎರಡನೇ ಕ್ರಮಾಂಕದ ವಿವರ್ತನೆಯ (ಒಂದು ತರಂಗದೂರದ ಬೆಳಕು ಅದರ ಎರಡರಷ್ಟು ತರಂಗದೂರದ ಜಾಗದಲ್ಲೂ ಬೀಳುವುದು) ತೊಡಕು ಮಾತ್ರ ಯಾವ ಗ್ರೇಟಿಂಗ್‌ನಲ್ಲೂ ತಪ್ಪದು: 350ರಿಂದ 425 ನ್ಯಾನೋಮೀಟರ್ ತರಂಗದೂರದ ಬೆಳಕು 700ರಿಂದ 850ರ ಜಾಗದಲ್ಲಿ ಮತ್ತೊಮ್ಮೆ ಬೀಳುತ್ತದೆ. ಡಿಟೆಕ್ಟರ್‌ನ ಆ ಭಾಗಕ್ಕಷ್ಟೇ ಕಿರು ತರಂಗಗಳನ್ನು ತಡೆಯುವ ಫಿಲ್ಟರ್ ಅಳವಡಿಸಿದ ಮೇಲೆ ಅದೂ ಪರಿಹಾರವಾಗಿದೆ.