ಎಂ10 ಥ್ರೆಡ್ ಹಾಕಿದರೆ ನಟ್ ಎರಡು ಸುತ್ತು ಹೋಗಿ ಗಪ್ಪನೆ ನಿಲ್ಲುತ್ತದೆ, ಯಾಕೆ?

ಕಬ್ಬಿಣದ ಕಡಲೆ:
ಮೂರು ದಿನದಿಂದ ಇದೇ ಗೋಳು. ಮಿನಿ ಲೇತ್‌ನಲ್ಲಿ (ರಾಡ್ ತಿರುಗಿಸಿ ಕತ್ತರಿಸುವ ಸಣ್ಣ ಯಂತ್ರ) ಎಂ10, ಅಂದರೆ 10 ಮಿಮೀ ಬೋಲ್ಟ್‌ನ ಥ್ರೆಡ್ ಹಾಕುತ್ತಿದ್ದೇನೆ. ಎಂಎಸ್ (ಮೆದು ಉಕ್ಕು) ರಾಡ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್. 60 ಡಿಗ್ರಿ ನಾನೇ ಗ್ರೈಂಡ್ ಮಾಡಿದ್ದು, ಗೇಜ್ ಇಟ್ಟರೆ ಒಂದು ಗೆರೆ ಬೆಳಕೂ ಕಾಣುವುದಿಲ್ಲ. ಥ್ರೆಡ್ ನೋಡೋಕೆ ಫಸ್ಟ್ ಕ್ಲಾಸ್. ಆದರೆ ನಟ್ ಹಾಕಿದರೆ ಸಲೀಸಾಗಿ ಎರಡು ಸುತ್ತು ಹೋಗಿ ಗಪ್ಪನೆ ನಿಲ್ಲುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದರೆ ಥ್ರೆಡ್ ಕಿತ್ತು ಬರುತ್ತದೆ. ಆಳ ಸಾಲದೇನೋ ಅಂತ ಇನ್ನೂ 0.1 ಒಳಗೆ ಕಟ್ ಕೊಟ್ಟೆ. ಈಗ ಮೂರು ಸುತ್ತು ಹೋಗುತ್ತದೆ, ಶುರುವಿನಲ್ಲಿ ನಟ್ ಲೊಡಲೊಡ ಅಲ್ಲಾಡುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಎರಡು ನಟ್ ಬದಲಾಯಿಸಿ ನೋಡಿದೆ, ತಪ್ಪು ನಟ್‌ದಲ್ಲ. ಗೇರ್ ಎಲ್ಲ ಸರಿಯಾಗೇ ಇದೆ, ಅದನ್ನು ಕೇಳಬೇಡಿ. ತಲೆ ಚಿಟ್ಟು ಹಿಡಿದಿದೆ.

ಹಳೇ ಟರ್ನರ್:
ರಾಡ್ ಹಿಡಿಯುವ ಚಕ್‌ನಿಂದ ಅದು ಎಷ್ಟು ಹೊರಗಿದೆ? ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ಸೆಂಟರ್‌ನ ಆಸರೆ ಕೊಟ್ಟಿದ್ದೀರಾ? ಹತ್ತು ಮಿಮೀ ರಾಡ್ ಟೂಲ್ ಒತ್ತಿದ ಕೂಡಲೇ ಬಾಗುತ್ತದೆ. ಬಾಗಿದರೆ ಟೇಪರ್ (ಒಂದು ತುದಿ ದಪ್ಪ, ಒಂದು ತುದಿ ಸಣ್ಣ), ಟೇಪರ್ ಆದರೆ ನಟ್ ಸಿಕ್ಕಿಕೊಳ್ಳುತ್ತದೆ. ಇಷ್ಟೇ ವಿಷಯ.

ಕಬ್ಬಿಣದ ಕಡಲೆ:
45 ಮಿಮೀ ಹೊರಗಿದೆ. ಸೆಂಟರ್ ಹಾಕಿಲ್ಲ. ಆದರೆ ಹೊರ ಅಳತೆ ಎರಡೂ ತುದಿಯಲ್ಲಿ 9.85 ಬರುತ್ತಿದೆ, ಟೇಪರ್ ಏನೂ ಇಲ್ಲ.

ಹಳೇ ಟರ್ನರ್:
ಹೊರ ಅಳತೆ ಬಿಡಿ. ಥ್ರೆಡ್ ಹಾಕುವಾಗ ಒತ್ತಡ ಜಾಸ್ತಿ. ಸೆಂಟರ್ ಡ್ರಿಲ್ ಹೊಡೆದು ಟೇಲ್‌ಸ್ಟಾಕ್ ಹಾಕಿ, ಆಮೇಲೆ ಮಾತಾಡೋಣ.

ಮೂರು ದವಡೆ:
ಟೂಲ್ ಕೂರುವ, ಓರೆಗೆ ತಿರುಗುವ ಕಾಂಪೌಂಡ್ ಸ್ಲೈಡ್ ಎಷ್ಟಕ್ಕೆ ತಿರುಗಿಸಿದ್ದೀರಿ? 29.5 ಡಿಗ್ರಿಗೆ ಇಟ್ಟು ಅದರಿಂದಲೇ ಕಟ್ ಕೊಡಬೇಕು. ಆಗ ಟೂಲ್‌ನ ಒಂದೇ ಬದಿ ಕತ್ತರಿಸುತ್ತದೆ. ರಾಡ್‌ಗೆ ಅಡ್ಡವಾಗಿ ಸರಿಯುವ ಕ್ರಾಸ್‌ಸ್ಲೈಡ್‌ನಿಂದ ನೇರ ನುಗ್ಗಿಸಿದರೆ ಎರಡೂ ಬದಿಯ ಚಿಪ್ ನಡುವೆ ಬಂದು ಗುದ್ದಾಡಿ ಥ್ರೆಡ್ ಮೈ ಹರಿಯುತ್ತದೆ.

ಹಳೇ ಟರ್ನರ್:
29.5 ಅನ್ನೋದು ದೊಡ್ಡ ಪಿಚ್‌ಗೆ, ಅಂದರೆ ಎರಡು ಥ್ರೆಡ್ ನಡುವಿನ ಅಂತರ ದೊಡ್ಡದಿದ್ದಾಗ. ಒಂದೂವರೆ ಮಿಮೀ ಪಿಚ್‌ಗೆ ನೇರ ಹಾಕಿದರೆ ಏನೂ ಆಗುವುದಿಲ್ಲ. ಒಂದು ಸಲಕ್ಕೆ 0.05 ಕೊಡಿ, ಎಣ್ಣೆ ಬಿಡಿ, ಅಷ್ಟೇ. ನಾನು ಕಾಂಪೌಂಡ್ ತಿರುಗಿಸಿ ಎಷ್ಟೋ ವರ್ಷವಾಯಿತು.

ಮೂರು ದವಡೆ:
ನಿಮ್ಮದು ಭಾರದ ಲೇತ್ ಇರಬೇಕು. ಮಿನಿ ಲೇತ್‌ನಲ್ಲಿ ನೇರ ಹಾಕಿದರೆ ಗರಗರ ಅಂತ ನಡುಗುತ್ತದೆ. ಅದೂ ಅಲ್ಲದೆ 29.5 ಯಾಕೆ, 30 ಯಾಕಲ್ಲ ಅಂದರೆ, ಅರ್ಧ ಡಿಗ್ರಿ ಬಿಟ್ಟರೆ ಹಿಂದಿನ ಬದಿಯನ್ನೂ ಟೂಲ್ ಸ್ವಲ್ಪ ಸವರಿಕೊಂಡು ಹೋಗುತ್ತದೆ, ಮೆಟ್ಟಿಲು ಮೂಡುವುದಿಲ್ಲ.

ಹಳೇ ಟರ್ನರ್:
ಇದಕ್ಕೂ ನಟ್ ಸಿಕ್ಕಿಕೊಳ್ಳುವುದಕ್ಕೂ ಏನು ಸಂಬಂಧ ಸ್ವಾಮಿ?

ಸೊನ್ನೆ ಸೊನ್ನೆ ಒಂದು:
ಕಡಲೆಯವರೇ, ಗೇರ್ ಬಗ್ಗೆ ಕೇಳಬೇಡಿ ಅಂದಿದ್ದೀರಿ, ಆದರೂ ಕೇಳುತ್ತೇನೆ. ಯಾವ ಯಾವ ಗೇರ್, ಯಾವ ಜಾಗದಲ್ಲಿ? ಇನ್ನೊಂದು, ಮೊದಲ ಸಲ ಒಟ್ಟು ಆಳ ಎಷ್ಟು ಕೊಟ್ಟಿರಿ? 1.5 ಪಿಚ್‌ಗೆ 0.6134ರಿಂದ ಗುಣಿಸಿದರೆ 0.92 ಬರುತ್ತದೆ. ಎಂ10 ಬೋಲ್ಟ್‌ನ ತಳದ ಅಳತೆ ಸುಮಾರು 8.16.

ಕಬ್ಬಿಣದ ಕಡಲೆ:
ಆಳ ಹತ್ತಿರ ಹತ್ತಿರ ಒಂದು ಮಿಮೀ. ಗೇರ್ ಎ ಜಾಗದಲ್ಲಿ (ಸ್ಪಿಂಡಲ್ ಕಡೆ) 40 ಹಲ್ಲು, ಡಿ ಜಾಗದಲ್ಲಿ (ಟೂಲ್ ಮುಂದಕ್ಕೆ ಎಳೆಯುವ ಲೀಡ್‌ಸ್ಕ್ರೂ ಕಡೆ) 40 ಹಲ್ಲು, ನಡುವೆ ಸುಮ್ನೆ ಒಂದು ಐಡ್ಲರ್. ಲೀಡ್‌ಸ್ಕ್ರೂ ಒಂದೂವರೆ, ನನಗೆ ಬೇಕಾದ್ದೂ ಒಂದೂವರೆ. ಒಂದಕ್ಕೆ ಒಂದು. ಇದರಲ್ಲಿ ತಪ್ಪಾಗೋಕೆ ಏನಿದೆ?

ಚಿಪ್ಪಿನ ರಾಶಿ:
ಪ್ರತಿ ಪಾಸ್‌ಗೂ, ಲೀಡ್‌ಸ್ಕ್ರೂ ಕಚ್ಚುವ ಹಾಫ್‌ನಟ್ ಬಿಚ್ಚುತ್ತಿದ್ದೀರಾ? ಅದೇ ತಪ್ಪು, ನೂರಕ್ಕೆ ನೂರು. ಥ್ರೆಡ್ ಡಯಲ್‌ನ ಬೇರೆ ಗೆರೆಯಲ್ಲಿ ಹಾಫ್‌ನಟ್ ಹಾಕಿದರೆ ಟೂಲ್ ಬೇರೆ ಕಡೆ ಬಿದ್ದು ಥ್ರೆಡ್ ಅಗಲವಾಗುತ್ತದೆ. ಒಂದೇ ಗೆರೆ ಹಿಡಿಯಿರಿ.

ಕಬ್ಬಿಣದ ಕಡಲೆ:
ಬಿಚ್ಚುತ್ತಿದ್ದೇನೆ. ಡಯಲ್ ಇಲ್ಲವೇ ಇಲ್ಲ. ಆದರೆ ಎಲ್ಲಿ ಹಾಕಿದರೂ ಟೂಲ್ ಅದೇ ತೋಡಿಗೇ ಬೀಳುತ್ತದೆ, ಒಂದು ಸಲವೂ ತಪ್ಪಿಲ್ಲ.

ಸೊನ್ನೆ ಸೊನ್ನೆ ಒಂದು:
ಬೀಳಲೇಬೇಕು. ಒಂದಕ್ಕೆ ಒಂದು ಇದ್ದಾಗ ನೀವು ಲೀಡ್‌ಸ್ಕ್ರೂವನ್ನೇ ರಾಡ್ ಮೇಲೆ ನಕಲು ಮಾಡುತ್ತಿದ್ದೀರಿ. ಹಾಫ್‌ನಟ್ ಎಲ್ಲಿ ಕಚ್ಚಿದರೂ ಲೆಕ್ಕ ಒಂದೇ. ಹಾಗಾಗಿ ಹಾಫ್‌ನಟ್ ತಪ್ಪಿಲ್ಲ. ಲೀಡ್‌ಸ್ಕ್ರೂ ಏನಿದೆಯೋ ಅದೇ ನಿಮ್ಮ ಥ್ರೆಡ್. ಅದು ಒಂದೂವರೆ ಅಂತ ಹೇಳಿದ್ದು ಯಾರು?

ಚಿಪ್ಪಿನ ರಾಶಿ:
ಡಯಲ್ ಇಲ್ಲದೆ ಹಾಫ್‌ನಟ್ ಬಿಚ್ಚುವುದು ಒಳ್ಳೆಯ ಅಭ್ಯಾಸ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ಮೂರು ದವಡೆ:
ಇದಕ್ಕೇ ನಾನು ಗೇರ್ ಸಹವಾಸ ಬಿಟ್ಟೆ. ಸ್ಪಿಂಡಲ್‌ಗೆ ಸುತ್ತು ಎಣಿಸುವ ಎನ್‌ಕೋಡರ್, ಲೀಡ್‌ಸ್ಕ್ರೂಗೆ ಸ್ಟೆಪ್ಪರ್ ಮೋಟಾರ್, ನಡುವೆ ಒಂದು ಸಣ್ಣ ಬೋರ್ಡ್. ಬಟನ್ ಒತ್ತಿದರೆ 1.25, ಇನ್ನೊಂದು ಸಲ ಒತ್ತಿದರೆ 1.5, ಇಂಚಿಗೆ 20 ಬೇಕಾದರೂ ಬರುತ್ತದೆ. ಕೈಗೆ ಗ್ರೀಸ್ ಅಂಟುವುದೇ ಇಲ್ಲ. ಸ್ಪಿಂಡಲ್ ಮೋಟಾರ್ ಕೂಡ ತೆಗೆದು ತ್ರೀ ಫೇಸ್ ಹಾಕಿ ವೇಗ ಬದಲಿಸುವ ವಿಎಫ್‌ಡಿ ಕೊಟ್ಟಿದ್ದೇನೆ, 50 ಆರ್‌ಪಿಎಂನಲ್ಲೂ ಚಕ್ ಹಿಡಿದು ನಿಲ್ಲಿಸಲಾಗದು. ಹಿಡಿಯಬೇಡಿ ಮತ್ತೆ. ಮುಂದಿನ ತಿಂಗಳು ಡಿಆರ್‌ಒ, ಅಳತೆ ತೋರಿಸುವ ಡಿಜಿಟಲ್ ಪರದೆ.

ಹಳೇ ಟರ್ನರ್:
ಇಷ್ಟೆಲ್ಲ ಇದ್ದೂ ಟೇಲ್‌ಸ್ಟಾಕ್ ಹಾಕದಿದ್ದರೆ ರಾಡ್ ಬಾಗುತ್ತದೆ.

ಕಬ್ಬಿಣದ ಕಡಲೆ:
ಯಾರೂ ಹೇಳಿಲ್ಲ. ಲೇತ್ ಸೆಕೆಂಡ್ ಹ್ಯಾಂಡ್, ಗೇರ್ ಚಾರ್ಟ್ ಇರುವ ಪ್ಲೇಟ್ ಇರಲಿಲ್ಲ. ಇದೇ ಮಾಡೆಲ್‌ನ ಚಾರ್ಟ್ ಒಂದು ಹುಡುಕಿಕೊಂಡೆ, ಅದರಲ್ಲಿ 1.5 ಅಂತ ಇತ್ತು. ಕ್ರಾಸ್‌ಸ್ಲೈಡ್ ಡಯಲ್ ಮಿಲಿಮೀಟರ್‌ನಲ್ಲಿದೆ ಅಲ್ವಾ, ಹಾಗಾದರೆ ಲೀಡ್‌ಸ್ಕ್ರೂ ಕೂಡ ಅದೇ ಅಂದುಕೊಂಡೆ. ಪಿಚ್ ಗೇಜ್‌ನ 1.5 ಎಲೆ ಇಟ್ಟಾಗ ಕೂತ ಹಾಗೇ ಇತ್ತು, ಈಗ ನೋಡಿದರೆ ಒಂದು ತುದಿ ಸ್ವಲ್ಪ ಎದ್ದಿದೆ.

ಸೊನ್ನೆ ಸೊನ್ನೆ ಒಂದು:
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾವೂ ಅದನ್ನೇ ಮಾಡಿದೆವು. ವರ್ನಿಯರ್ ತೆಗೆದುಕೊಂಡು ನಿಮ್ಮ ಥ್ರೆಡ್ ಮೇಲೆ ಒಂದು ತುದಿಯಿಂದ ಹತ್ತು ತೋಡು ದಾಟಿ ಅಳೆಯಿರಿ. 15 ಬಂದರೆ ನಾನು ಸೋತೆ.

ಕಬ್ಬಿಣದ ಕಡಲೆ:
15.9.

ಅಯ್ಯೋ.

ಸೊನ್ನೆ ಸೊನ್ನೆ ಒಂದು:
ಹಾಗಾದರೆ ನಿಮ್ಮ ಲೀಡ್‌ಸ್ಕ್ರೂ ಇಂಚಿಗೆ 16 ಹಲ್ಲಿನದು. ಪಿಚ್ 1.5875. ಒಂದು ಸುತ್ತಿಗೆ 0.0875 ತಪ್ಪು. ಕಣ್ಣಿಗೆ ಕಾಣುವುದೇ ಇಲ್ಲ, ಅದಕ್ಕೇ ಥ್ರೆಡ್ ಚೆಂದ ಕಾಣುತ್ತಿತ್ತು. ಆದರೆ 8 ಮಿಮೀ ದಪ್ಪದ ನಟ್‌ನಲ್ಲಿ ಐದು ಚಿಲ್ಲರೆ ಥ್ರೆಡ್ ಇರುತ್ತದೆ, ಕೂಡುತ್ತಾ ಹೋದರೆ ಅರ್ಧ ಮಿಮೀ ಹತ್ತಿರ ಬರುತ್ತದೆ. ಎಲ್ಲಿ ಹೋಗುತ್ತದೆ ನಟ್?

ನಿಮ್ಮ ಮೊದಲ ಮಾತಿನಲ್ಲೇ ಉತ್ತರ ಇತ್ತು, ನಾನೂ ಸರಿಯಾಗಿ ಓದಲಿಲ್ಲ. 0.1 ಆಳ ಹೆಚ್ಚಿಸಿದರೆ ಅಕ್ಕಪಕ್ಕದ ಆಟ, ಅಂದರೆ ಸಡಿಲ, 0.115ರಷ್ಟು ಹೆಚ್ಚುತ್ತದೆ. ಒಂದು ಸುತ್ತು ತಿನ್ನುವುದು 0.0875. ಅದಕ್ಕೇ ಸರಿಯಾಗಿ ಒಂದು ಸುತ್ತು ಮಾತ್ರ ಮುಂದೆ ಹೋಯಿತು. ಸಡಿಲವೂ ಇದೆ, ಸಿಕ್ಕಿಯೂ ಕೊಳ್ಳುತ್ತದೆ ಅಂದರೆ ಪಿಚ್ ತಪ್ಪು ಅಂತಲೇ ಲೆಕ್ಕ. ಟೇಪರ್ ಆಗಿದ್ದರೆ, ಸೆಂಟರ್ ಇಲ್ಲದ ರಾಡ್‌ನ ತುದಿ ದಪ್ಪ ಉಳಿಯುತ್ತಿತ್ತು, ನಟ್ ಒಳಗೆ ಹೋಗೋಕೇ ಒದ್ದಾಡುತ್ತಿತ್ತು.

ಗೇರ್ ಸೆಟ್‌ನಲ್ಲಿ 65, 55, 50 ಇದೆಯಾ? ಇದ್ದರೆ ಎ 40, ಬಿ 50, ಸಿ 65, ಡಿ 55. ಬಿ ಮತ್ತು ಸಿ ಒಂದೇ ಸ್ಟಡ್ ಮೇಲೆ, ಒಟ್ಟಿಗೆ ತಿರುಗಬೇಕು. 1.5009 ಬರುತ್ತದೆ. 21 ಹಲ್ಲಿನ ಗೇರ್ ಇದ್ದರೆ ಇನ್ನೂ ಚೆನ್ನ: 21ರಿಂದ 20ಕ್ಕೆ, 45ರಿಂದ 50ಕ್ಕೆ. ಆಗ 1.5002.

ಚಿಪ್ಪಿನ ರಾಶಿ:
ಇದೆಲ್ಲ ಜುಗಾಡ್. ಇಂಚಿನ ಲೀಡ್‌ಸ್ಕ್ರೂನಲ್ಲಿ ಮೆಟ್ರಿಕ್ ಹಾಕೋಕೆ 127 ಹಲ್ಲಿನ ಗೇರ್ ಬೇಕು. ಇಂಚು ಅಂದರೆ 25.4 ಮಿಮೀ, 127ನ್ನು 5ರಿಂದ ಭಾಗಿಸಿದರೆ 25.4. 120ರಿಂದ 127ಕ್ಕೆ ಕೊಟ್ಟರೆ ಕರಾರುವಾಕ್ಕಾಗಿ 1.5. ಬೇರೆ ಯಾವುದೂ ಸರಿಯಲ್ಲ.

ಸೊನ್ನೆ ಸೊನ್ನೆ ಒಂದು:
ಲೆಕ್ಕ ಸರಿ. ಮಿನಿ ಲೇತ್‌ನ ಗೇರ್ ಕವರ್ ಒಳಗೆ 127 ಹಲ್ಲು ಹೇಗೆ ಕೂರಿಸುತ್ತೀರಿ? ನನ್ನ ಲೆಕ್ಕದಲ್ಲಿ ನಟ್‌ನ ಐದು ಥ್ರೆಡ್ ಸೇರಿ 0.005 ಮಿಮೀ ತಪ್ಪು. ಅವರು ಬೋಲ್ಟ್ ಮಾಡುತ್ತಿದ್ದಾರೆ, ಮೈಕ್ರೋಮೀಟರ್ ಸ್ಕ್ರೂ ಅಲ್ಲ.

ಚಿಪ್ಪಿನ ರಾಶಿ:
ತಪ್ಪು ತಪ್ಪೇ.

ಸೊನ್ನೆ ಸೊನ್ನೆ ಒಂದು:
ಆಯ್ತು. ಕಡಲೆಯವರೇ, ಒಂದು ಮಾತು ಮಾತ್ರ ಮರೆಯಬೇಡಿ. ಒಂದಕ್ಕೆ ಒಂದು ಹೋಯಿತಲ್ಲ, ಇನ್ನು ಮೇಲೆ ಹಾಫ್‌ನಟ್ ಬಿಚ್ಚುವ ಹಾಗಿಲ್ಲ. ಕೊನೆಯಲ್ಲಿ ಒಂದು ಗ್ರೂವ್ ತೆಗೆದಿಟ್ಟುಕೊಳ್ಳಿ. ಪಾಸ್ ಮುಗಿದ ಕೂಡಲೇ ಮೋಟಾರ್ ನಿಲ್ಲಿಸಿ, ಕ್ರಾಸ್‌ಸ್ಲೈಡ್ ತಿರುಗಿಸಿ ಟೂಲ್ ಹೊರಗೆ ಎಳೆಯಿರಿ, ಚಕ್ ಪೂರ್ತಿ ನಿಂತ ಮೇಲೆ ರಿವರ್ಸ್ ಕೊಡಿ. ತಿರುಗುತ್ತಿರುವಾಗಲೇ ರಿವರ್ಸ್ ಕೊಟ್ಟರೆ ಮೋಟಾರ್ ಬೋರ್ಡ್ ಸುಟ್ಟೀತು. ಟೂಲ್ ಎಳೆಯದೆ ಹಿಂದಕ್ಕೆ ಬಂದರೆ ಲೀಡ್‌ಸ್ಕ್ರೂ ಆಟದಿಂದಾಗಿ ಟೂಲ್ ಬೇರೆ ದಾರಿ ಹಿಡಿದು ಥ್ರೆಡ್ ಕೆರೆದುಹಾಕುತ್ತದೆ. ಶುರುವಿನಿಂದ ನಾಲ್ಕೈದು ಮಿಮೀ ಆಚೆಗೇ ಹೋಗಿ ಬನ್ನಿ, ಆಟ ತುಂಬಿಕೊಳ್ಳಲಿ. ಸ್ಪಿಂಡಲ್ ಹಿಂದೆ ಒಂದು ಕೈ ಹಿಡಿ ಮಾಡಿಕೊಂಡರೆ ಮೋಟಾರ್ ಗೊಡವೆಯೇ ಇಲ್ಲ, ಸಣ್ಣ ಥ್ರೆಡ್‌ಗೆ ನಾನು ಈಗಲೂ ಕೈಯಲ್ಲೇ ತಿರುಗಿಸುತ್ತೇನೆ.

ಮೂರು ದವಡೆ:
ಕೈಯಲ್ಲಿ! ನನ್ನ ಬೋರ್ಡ್‌ನಲ್ಲಿ ಇದೆಲ್ಲ ತಾನಾಗೇ ಆಗುತ್ತದೆ. ಯಾರಿಗಾದರೂ ಸರ್ಕ್ಯೂಟ್ ಬೇಕಾದರೆ ಹೇಳಿ.

ಕಬ್ಬಿಣದ ಕಡಲೆ:
65, 55, 50 ಮೂರೂ ಡಬ್ಬದಲ್ಲೇ ಇತ್ತು. ಮೊದಲು ಪೆನ್ನಿನಿಂದ ರಾಡ್ ಮೇಲೆ ಬಣ್ಣ ಬಳಿದು ಒಂದು ಗೀಚು ಪಾಸ್ ಕೊಟ್ಟು ಹತ್ತು ಗೆರೆ ಅಳೆದೆ. 15.0. ಖುಷಿಯಲ್ಲಿ ಎರಡನೇ ಪಾಸ್ ಆದಮೇಲೆ ಅಭ್ಯಾಸಬಲದಿಂದ ಹಾಫ್‌ನಟ್ ಬಿಚ್ಚಿಬಿಟ್ಟೆ. ಮೂರನೇ ಪಾಸ್ ನಟ್ಟ ನಡುವೆ ಬಿತ್ತು. ಆ ರಾಡ್ ಹೋಯಿತು. ಎರಡನೇ ರಾಡ್‌ನಲ್ಲಿ ಹಾಫ್‌ನಟ್ ಲಿವರ್‌ಗೆ ಟೇಪ್ ಸುತ್ತಿಟ್ಟು ಮಾಡಿದೆ. 0.9ಕ್ಕೆ ನಟ್ ಬಿಗಿ, 0.93ಕ್ಕೆ ಬೆರಳಲ್ಲೇ ಗ್ರೂವ್ ತನಕ ಹೋಯಿತು. ಮೇಲಿನ ಅಂಚಿನ ಬರ್ ಫೈಲ್‌ನಿಂದ ಸ್ವಲ್ಪ ಸವರಬೇಕಾಯಿತು. ಗೇರ್ ಕೇಳಬೇಡಿ ಅಂದದ್ದಕ್ಕೆ ಕ್ಷಮೆ ಇರಲಿ.

ಹಳೇ ಟರ್ನರ್:
ಈ ಸಲ ಟೇಲ್‌ಸ್ಟಾಕ್ ಹಾಕಿದ್ದಿರಾ?

ಕಬ್ಬಿಣದ ಕಡಲೆ:
ಹಾಕಿದ್ದೆ, ನೀವು ಅಷ್ಟು ಹೇಳಿದಿರಿ ಅಂತ.

ಹಳೇ ಟರ್ನರ್:
ಮತ್ತೆ! ಅದನ್ನೇ ನಾನು ಮೊದಲಿನಿಂದ ಬಡಿದುಕೊಳ್ಳುತ್ತಿದ್ದದ್ದು.

ಮೂರು ದವಡೆ:
ಕಾಂಪೌಂಡ್ ಎಷ್ಟಕ್ಕಿತ್ತು?