ಅಮ್ಮನಿಗೆ ಎಲೆಕ್ಟ್ರಿಕ್ ಬ್ರಷ್: ಗುಂಡು ತಲೆಯದೋ, ಸೋನಿಕ್ಕೋ?

ಪ್ರಶ್ನೆ:
ಅಮ್ಮನಿಗೆ ಬೆರಳ ಗಂಟುಗಳಲ್ಲಿ ನೋವು. ಮಾಮೂಲಿ ಬ್ರಷ್‌ನ ತೆಳ್ಳನೆ ಹಿಡಿ ಕೈಯಲ್ಲಿ ನಿಲ್ಲುವುದಿಲ್ಲ. ದವಡೆ ಹಲ್ಲುಗಳ ಬುಡದಲ್ಲಿ ಪಾಚಿ ಕಟ್ಟಿದೆ ಅಂತ ಡೆಂಟಿಸ್ಟ್ ಹೇಳಿದ್ದಾರೆ. ಎಲೆಕ್ಟ್ರಿಕ್ ಬ್ರಷ್ ಕೊಡಿಸೋಣ ಅಂತ ನೋಡಿದರೆ ಒಂದರಲ್ಲಿ ಐದು ಮೋಡ್, ಇನ್ನೊಂದರಲ್ಲಿ ಬ್ಲೂಟೂತ್. ಹಲ್ಲುಜ್ಜಲು ಮೊಬೈಲ್ ಯಾಕೆ ಬೇಕು? ಗುಂಡು ತಲೆಯದು ತಗೊಳ್ಳಲಾ, ಸೋನಿಕ್ ತಗೊಳ್ಳಲಾ? ಅಮ್ಮನ ಅನುಮಾನವೇ ಬೇರೆ: "ಅದು ಒಸಡು ಕಿತ್ತು ಹಾಕಲ್ವಾ?"

ಉತ್ತರ 1:
ನಮ್ಮ ಮನೆಯಲ್ಲಿ ಎರಡೂ ಇವೆ. ಗುಂಡು ತಲೆ ಅತ್ತಿತ್ತ ತಿರುಗುತ್ತಾ ಒಂದೊಂದೇ ಹಲ್ಲನ್ನು ಉಜ್ಜುತ್ತದೆ. ತಲೆ ಚಿಕ್ಕದು, ಕೊನೆಯ ದವಡೆ ಹಲ್ಲಿನ ಹಿಂಬದಿಗೂ ಸಲೀಸಾಗಿ ಹೋಗುತ್ತದೆ. ಸದ್ದು ಮಾತ್ರ ಸ್ವಲ್ಪ ಜಾಸ್ತಿ. ಸೋನಿಕ್‌ನ ತಲೆ ಉದ್ದ. ನಿಮಿಷಕ್ಕೆ ಸುಮಾರು 31,000 ಸಲ ಅದುರುವ ಮಾಡೆಲ್‌ಗಳಿವೆ. ಮೊದಮೊದಲು ಮೂಗಿನ ತುದಿಯವರೆಗೂ ಕಚಗುಳಿ! ನಿಮ್ಮ ಅಮ್ಮನಿಗಾದರೆ ನಾನು ಗುಂಡು ತಲೆಯದನ್ನೇ ಕೊಡಿಸುತ್ತಿದ್ದೆ.

ಮೋಡ್, ಬ್ಲೂಟೂತ್ ಎಲ್ಲ ಸುಮ್ನೆ. ಮುಖ್ಯವಾಗಿ ಬೇಕಾದ್ದು ಪ್ರೆಷರ್ ಸೆನ್ಸರ್. ಜೋರಾಗಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಕೆಲವು ಬ್ರಷ್‌ಗಳು ತಾವೇ ನಿಧಾನವಾಗುತ್ತವೆ. ಒಸಡಿನ ಭಯಕ್ಕೆ ಅದೇ ಔಷಧಿ. ಆಮೇಲೆ 2 ನಿಮಿಷದ ಟೈಮರ್. ತಲೆಯನ್ನು 3 ತಿಂಗಳಿಗೊಮ್ಮೆ ಬದಲಿಸಬೇಕು, ಹಾಗಾಗಿ ಬ್ರಷ್ ಕೊಳ್ಳುವ ಮೊದಲು ಅದರ ತಲೆ ಸುಲಭವಾಗಿ ಸಿಗುತ್ತದಾ ನೋಡಿ. ಹಿಡಿ ದಪ್ಪ ಇರುವುದು ಅಮ್ಮನಿಗೆ ಅನುಕೂಲವೇ, ಆದರೆ ತೂಕವೂ ಇರುತ್ತದೆ. ಒಮ್ಮೆ ಅವರ ಕೈಗೇ ಕೊಡಿ. ಗುಂಡಿ ಬಿಗಿಯಾಗಿದ್ದರೆ ಆ ಮಾಡೆಲ್ ಬೇಡ.

ಉತ್ತರ 2:
ಬ್ರಷ್ ಬಾಯೊಳಗೆ ಇಟ್ಟ ಮೇಲೆ ಆನ್ ಮಾಡಲು ಹೇಳಿ. ಇಲ್ಲದಿದ್ದರೆ ಪೇಸ್ಟೆಲ್ಲ ಕನ್ನಡಿಗೆ. ಎಳೆಗಳು ಹಲ್ಲು ಮತ್ತು ಒಸಡು ಸೇರುವ ಗೆರೆಗೆ ಓರೆಯಾಗಿ ತಾಗಬೇಕು. ಉಜ್ಜಬಾರದು, ಇದನ್ನೇ ಹಳೇ ಅಭ್ಯಾಸದವರು ಕೇಳುವುದಿಲ್ಲ. ಒಂದು ಹಲ್ಲಿನ ಮೇಲೆ ಎರಡು ಮೂರು ಸೆಕೆಂಡ್ ಇಟ್ಟು ಮುಂದಿನದಕ್ಕೆ ಸರಿಸಿದರೆ ಸಾಕು. ಹೊರಬದಿ, ಒಳಬದಿ, ಮೇಲ್ಭಾಗ. ಬಹಳಷ್ಟು ಬ್ರಷ್‌ಗಳು 30 ಸೆಕೆಂಡಿಗೊಮ್ಮೆ ಚೂರು ತಡವರಿಸುತ್ತವೆ, ಕೆಟ್ಟಿತು ಅಂದುಕೊಳ್ಳಬೇಡಿ. ಬಾಯಿಯ ಇನ್ನೊಂದು ಕಾಲುಭಾಗಕ್ಕೆ ಹೋಗು ಅಂತ ಸೂಚನೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಅಷ್ಟೆಲ್ಲ ಖರ್ಚು ಮಾಡಿದರೆ ನಿಜವಾಗಲೂ ವ್ಯತ್ಯಾಸ ಗೊತ್ತಾಗುತ್ತಾ?

ಉತ್ತರ 1:
ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2014ರಲ್ಲಿ 56 ಪ್ರಯೋಗಗಳನ್ನು ಒಟ್ಟಿಗೆ ನೋಡಿದ್ದರು. 3 ತಿಂಗಳು ದಾಟಿದ ಮೇಲೆ ಕೈ ಬ್ರಷ್‌ಗಿಂತ ಪಾಚಿ 21%, ಒಸಡಿನ ಊತ 11% ಕಡಿಮೆ. ಕೈಯಲ್ಲೇ ಚೆನ್ನಾಗಿ ಉಜ್ಜುವವರಿಗೆ ಇದು ಬೇಕೇ ಬೇಕು ಅಂತೇನಿಲ್ಲ. ಬೆರಳು ನೋಯುವವರ ಮಾತು ಬೇರೆ, ಅಲ್ವಾ? ಆದರೆ ಹಲ್ಲಿನ ಸಂದಿಗೆ ಇದೂ ಹೋಗುವುದಿಲ್ಲ, ಅದಕ್ಕೆ ಪುಟ್ಟ ಸಂದಿ ಬ್ರಷ್ ಬೇರೆ ಬೇಕು. ಇನ್ನೊಂದು, ತಲೆ ಕಳಚಿ ತೊಳೆಯುವುದನ್ನು ನೀವೇ ವಹಿಸಿಕೊಳ್ಳಿ. ಒಳಗಿನ ಕಡ್ಡಿಯ ಸುತ್ತ ಬೂದು ಬಣ್ಣದ ಲೋಳೆ ಸೇರುತ್ತದೆ. ನೋವಿರುವ ಬೆರಳಲ್ಲಿ ಅದನ್ನು ಎಳೆದು ತೆಗೆಯಲು ಆಗುವುದಿಲ್ಲ.